ವಾಯವ್ಯ ಮೂಲೆ

"ಏ ಚನಬಸವ್ವ, ಕಿವಿ ಸತ್ತಾವೇನ? ಸಂಡಾಸದ ಗುಂಡಿ ವಾಯವ್ಯದಾಗಂದ್ರ ವಾಯವ್ಯದಾಗ. ಗೇಣು ಸೈತ ಸರಸಂಗಿಲ್ಲ!"

ಬಿಂದುಮಾಧವರಾಯರು ಬ್ಯಾಂಕಿನ ಸಾಹೇಬರು, ವಿಜಾಪುರದಿಂದ ವರ್ಗವಾಗಿ ಔರಂಗಾಬಾದಿಗೆ ಬಂದವರು. ತಮ್ಮ ಸೀಮೆಯ ಕೂಲಿಯವಳು ಸಿಕ್ಕಳೆಂದು ಅವರಿಗೆ ಭಾರೀ ಸಂತೋಷ. ಕನ್ನಡದಲ್ಲೇ ಬಯ್ಯಬಹುದಲ್ಲ.

"ನಾಕು ಮಾರು ಸರಸ್ರಿ ಸಾಹೇಬ್ರ. ಅಲ್ಲಿ ನನ್ನ ಮಗಳದಾಳ್ರಿ."

ಗುಂಡಿಗೆಂದು ಎಳೆದ ಸುಣ್ಣದ ಗೆರೆಯೊಳಗೆ ಮುಳ್ಳಿನ ಬಾರಿಗಿಡದ ಮೋಟೊಂದು ಉಳಿದಿತ್ತು. ಅವಳೂ ಗಂಡ ಶಿವರಾಯನೂ ಇದು ಹೊಲವಾಗಿದ್ದಾಗ ಹತ್ತು ವರ್ಷ ಇಲ್ಲೇ ತುಕಾರಾಮ ಪಾಟೀಲನ ವರ್ಷದಾಳುಗಳು. ಮಗಳು ದಡಾರದಲ್ಲಿ ಹೋದಾಗ, ಪರಊರಿನ ಹೆಣಕ್ಕೆ ಸುಡುಗಾಡಿನಲ್ಲಿ ಜಾಗವಿಲ್ಲವೆಂದರು. ಬದುವಿನ ಬಾರಿಗಿಡದ ಬುಡದಲ್ಲಿ ಹುಗಿ, ಅಲ್ಲಿ ನೇಗಿಲು ತಾಗುವುದಿಲ್ಲ ಎಂದವನು ಪಾಟೀಲನೇ. ಎಳ್ಳಮಾಸಿಗೆ ಹೊಲಕ್ಕೆ ಎಡೆಯ ಚರಗ ಚೆಲ್ಲುವಾಗೆಲ್ಲ ಅವಳು ಅಲ್ಲಿಗೊಂದು ತುತ್ತು ಇಡುತ್ತಿದ್ದಳು.

ನೇಗಿಲು ತಾಗಲಿಲ್ಲ, ನಿಜ. ಪಕ್ಕದ ವಾಳೂಜಿಗೆ ಕಾರ್ಖಾನೆಗಳು ಬಂದವು. ಪಾಟೀಲನ ಮಕ್ಕಳು ಕಂಪನಿ ಸೇರಿದರು, ಮಣ್ಣು ಮುಟ್ಟುವವರಿಲ್ಲ. ಬಂದವರಿಗೆಲ್ಲ ಮನೆ ಬೇಕು. ಜೋಳದ ಹೊಲ ತುಂಡುತುಂಡಾಗಿ ಪ್ಲಾಟಾಯಿತು, ಬದುವಿನ ತುಂಡು ರಾಯರ ಪಾಲಾಯಿತು, ಆಳುಗಳು ಅದಕ್ಕೇ ಪಾಯ ತೋಡತೊಡಗಿದರು.

ಆ ಹೊತ್ತಿಗೆ ಬಂದ ಪಾಟೀಲನಿಗೆ ಅವಳು ಹಳೆಯ ಮಾತು ನೆನಪಿಸಿದಳು. ಅವನು ಮೋಟಾರ್‌ಸೈಕಲ್ಲಿನಿಂದ ಇಳಿಯಲೇ ಇಲ್ಲ. "ಗಪ್ ಬಸ್, ರಾಂಡೆ! ಜಮೀನು ಹೋದ ಮೇಲೆ ಅದರೊಳಗಿನದೂ ಹೋಯಿತು" ಎಂದು ಮರಾಠಿಯಲ್ಲಿ ಬೈದು ಗಾಡಿ ತಿರುಗಿಸಿದ. ಶಿವರಾಯ ತಲೆ ತಗ್ಗಿಸಿ ಇಟ್ಟಂಗಿ ಹೊರುತ್ತಿದ್ದ.

"ಈಶಾನ್ಯದಾಗ ನಿನ್ನೆ ಭೂಮಿಪೂಜಾ ಆಗೇದ, ಅಲ್ಲಿ ದೇವರಮನಿ," ಎಂದರು ರಾಯರು. "ನಿನ್ನ ಮೈಲಿಗಿ ಕಾಲು ಆಕಡೆ ಇಡಬ್ಯಾಡ. ನಾ ಬ್ಯಾಂಕಿನಿಂದ ಬರೂದ್ರಾಗ ಗುಂಡಿ ಆಗಿರಬೇಕು."

ಅವಳಿಗೆ ಅಳು ಬರಲಿಲ್ಲ. ಎದೆ ಕಲ್ಲಾಯಿತು ಅನ್ನುವುದೂ ಸುಳ್ಳು, ಎದೆಯೇ ಇದ್ದಂತಿರಲಿಲ್ಲ. ಎಲೆಅಡಿಕೆ ಉಗಿದು ಗುದ್ದಲಿ ಎತ್ತಿಕೊಂಡಳು.

ಸಂಜೆ ರಾಯರು ಬಂದಾಗ ಗುಂಡಿ ಎದೆಮಟ್ಟ ಆಗಿತ್ತು. ಮಣ್ಣಿನ ಗುಡ್ಡೆಯಲ್ಲಿ ಅರಿಶಿನ, ಕುಂಕುಮ, ನಿನ್ನೆಯ ತೆಂಗಿನಕಾಯಿಯ ಚೂರು. ವಾಯವ್ಯದಲ್ಲಿ ಬಾರಿಮೋಟು ಹಾಗೇ ಇತ್ತು. ಅದರ ಬುಡಕ್ಕೆ ಅರ್ಧ ರೊಟ್ಟಿ.

"ಎಲ್ಲಿ ಅಗದೀಯೇ, ಹಾದರಗಿತ್ತಿ! ದೇವರ ಜಾಗಾ ಅದು!"

ಗುಂಡಿಯೊಳಗಿನ ಚನಬಸವ್ವ ತಲೆ ಎತ್ತಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ದೇವರಮನಿ ನನ್ನ ಮಗಳ ಮ್ಯಾಲ ಕಟ್ರಿ, ಸಾಹೇಬ್ರ. ಹೇಲೂದು ಇಲ್ಲಿ."

ಸಲಿಕೆ ತುಂಬ ಮಣ್ಣೆತ್ತಿ ಹೊರಗೆ ಚೆಲ್ಲಿದಳು. ಅದು ರಾಯರ ಬೂಟಿನ ಮೇಲೆ ಬಿತ್ತು.