ಕೈ ಕೂಡಿಸುವ ಭಾನುವಾರ

ಸೌಟಮ್ಮ ಎಂಬ ಹೆಸರಿಟ್ಟವರು ಹೆತ್ತವರಲ್ಲ, ಬೀದಿಯವರು. ಪ್ರತಿ ಶನಿವಾರ ಚರ್ಚಿನ ಹಿಂದಿನ ಹಜಾರದಲ್ಲಿ ಮೊಳದುದ್ದದ ಸೌಟು ಹಿಡಿದು ನಿಂತು, ಸೂರಿಲ್ಲದವರಿಗೂ ಕೂಲಿ ಸಿಗದವರಿಗೂ ಬಿಸಿ ಸೂಪು ಬಡಿಸುವ ಆಕೆಯನ್ನು ಸಾಲಿನಲ್ಲಿದ್ದ ಯಾರೋ ಹಾಗೆ ಕರೆದರು, ಹೆಸರು ಅಂಟಿಕೊಂಡಿತು. "ತಳ ಕಲಕಿ ಹಾಕಮ್ಮ, ಆಲೂಗಡ್ಡೆ ಎಲ್ಲಾ ಕೆಳಗೇ ಅವಿತುಕೊಂಡಿದೆ" ಎಂದು ಯಾರಾದರೂ ಕೂಗಿದರೆ, "ನಿನ್ನ ಹಾಗೇ ಸೋಮಾರಿ ಆಲೂಗಡ್ಡೆ ಕಣಪ್ಪ, ಏಳೋದೇ ಇಲ್ಲ ಅನ್ನುತ್ತೆ" ಎಂದು ನಗಿಸುತ್ತಲೇ ತಳದಿಂದ ಮೊಗೆದು ಹಾಕುವಳು. ಪಕ್ಕದಲ್ಲಿ ಸೊಸೆ ಬ್ರೆಡ್ಡು ಕತ್ತರಿಸುವಳು. ಉಡುಪಿನ ಕಾರ್ಖಾನೆಯಲ್ಲಿ ವಾರವಿಡೀ ಗುಂಡಿ ಹೊಲಿದು ಬೆರಳ ತುದಿ ಒರಟಾಗಿದ್ದ ಹುಡುಗಿ, ಶನಿವಾರ ಮಾತ್ರ ತಪ್ಪಿಸುತ್ತಿರಲಿಲ್ಲ.

ಮಗನೂ ಸೇವೆಯಲ್ಲಿ ಹಿಂದೆ ಬಿದ್ದವನಲ್ಲ. ಎಲೆಕ್ಟ್ರಿಷಿಯನ್ ಕೆಲಸ ಅವನದು. ಕಾಲುವೆ ದಡದ ಗುಡಿಸಲುಗಳಿಗೆ ಪುಕ್ಕಟೆ ದೀಪ ಹಾಕಿಕೊಟ್ಟಿದ್ದ. ನಗರಸಭೆಯವರು ಆ ಗುಡಿಸಲು ಕೆಡವಲು ಯಂತ್ರ ತಂದ ದಿನ ಚರ್ಚಿನ ಸಭೆಯ ಜನರೆಲ್ಲ ಅಡ್ಡ ಕೂತರು. ಮುಂದಿನ ಸಾಲಿನಲ್ಲಿ ಎದೆಯೊಡ್ಡಿದವನು ಅವನೇ. ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಯಂತ್ರ ಹಿಂದಕ್ಕೆ ಹೋಯಿತು. ಭಾನುವಾರದ ಹಾಡುಗಾರರ ತಂಡ ನಡೆಸುವವನೂ ಅವನೇ. "ಎಂಥಾ ಮಗನನ್ನ ಹೆತ್ತೆಯಮ್ಮ!" ಎಂದು ಜನ ಹೊಗಳಿದಾಗ ಸೌಟಮ್ಮ ತಲೆ ತಗ್ಗಿಸಿ ಪಾತ್ರೆ ತಿಕ್ಕುವಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ತನ್ನ ಹೊಸ್ತಿಲೊಳಗೇ ವಾಸವಾಗಿದೆ ಎಂಬುದು ಅವಳಿಗೆ ಗೊತ್ತಿತ್ತು.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಏಟು ತಿಂದ ಹೆಂಡತಿ ಮನೆ ಬಿಟ್ಟು ಹೋದರೆ ಹಿರಿಯರು ಹೋಗಿ ಕರೆತರುವರು. ಭಾನುವಾರ ಆರಾಧನೆಯ ಕೊನೆಗೆ ಅತ್ತೆಯಾದವಳು ಸೊಸೆಯ ಕೈ ಹಿಡಿದು ಪೀಠದ ಮುಂದೆ ತರಬೇಕು. "ಮನೆ ಬಿಟ್ಟದ್ದು ನನ್ನ ತಪ್ಪು" ಎಂದು ಸೊಸೆ ಎಲ್ಲರಿಗೂ ಕೇಳುವಂತೆ ಹೇಳಬೇಕು. ಆಮೇಲೆ ಅತ್ತೆ ಆ ಕೈಯನ್ನು ಮಗನ ಕೈಯಲ್ಲಿ ಇಡಬೇಕು, ಸಭೆ ಎದ್ದು ಹಾಡಬೇಕು. ಇದಕ್ಕೆ ಕೈ ಕೂಡಿಸುವುದು ಎನ್ನುತ್ತಿದ್ದರು. ಗಂಡ ಮಾತ್ರ ಏನೂ ಹೇಳಬೇಕಾಗಿರಲಿಲ್ಲ. ಯಾವ ಪುಣ್ಯಾತ್ಮ ಇದನ್ನು ಶುರು ಮಾಡಿದನೋ, ಅವನ ಕೆನ್ನೆಗೆ ಯಾರೂ ಬಾರಿಸಿರಲಿಕ್ಕಿಲ್ಲ.

ಸೌಟಮ್ಮನನ್ನೂ ಒಂದು ಕಾಲಕ್ಕೆ ಅವಳತ್ತೆ ಹೀಗೇ ನಡೆಸಿಕೊಂಡು ಹೋಗಿದ್ದಳು. ಹಿಂದಿನ ವರ್ಷ ಅವಳೂ ಸೊಸೆಯನ್ನು ನಡೆಸಿಕೊಂಡು ಹೋದಳು. ಹಾಡು ಮುಗಿದರೆ ಎಲ್ಲ ಸರಿಯಾಗುತ್ತದೆ ಎಂದು ನಂಬಿದ್ದಳು. ಸರಿಯಾಗಲಿಲ್ಲ. ಏಟು ಮುಖದಿಂದ ಬಟ್ಟೆಯ ಮರೆಗೆ ಸರಿಯಿತು, ಅಷ್ಟೆ.

ಒಂದು ದಿನ ಹಾಡಿನ ಅಭ್ಯಾಸದಲ್ಲಿ ಸೊಸೆ, "ಶ್ರುತಿ ಸ್ವಲ್ಪ ಮೇಲೆ ಹೋಯ್ತಲ್ವಾ?" ಅಂದಳು. ತಂಡದವರು ನಕ್ಕರು. ಗಂಡನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಅಂದು ಸಂಜೆ ಸೌಟಮ್ಮ ತರಕಾರಿ ತಂದು ಮನೆಯೊಳಗೆ ಕಾಲಿಟ್ಟಾಗ ಸೊಸೆ ಬಚ್ಚಲ ಗೋಡೆಗೆ ಒರಗಿ ಕೂತಿದ್ದಳು. ಬಾಯಿ ತೆರೆದೇ ಇತ್ತು, ಮುಚ್ಚಲು ಬರುತ್ತಿರಲಿಲ್ಲ. "ಜಾರಿ ಬಿದ್ದಳು" ಎಂದ ಮಗ, ಬಲಗೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು.

ಆಸ್ಪತ್ರೆಯಲ್ಲಿ ದವಡೆ ಕೂಡಿಸಿ ಹಲ್ಲಿಗೆ ತಂತಿ ಬಿಗಿದರು. ಅಲ್ಲಿಂದ ಸೊಸೆ ನೇರ ತನ್ನ ಅಕ್ಕನ ಮನೆಗೆ ಹೋದಳು.

ಗುರುವಾರ ಸಂಜೆ ಹಿರಿಯರು ಸೌಟಮ್ಮನ ಮನೆಗೆ ಬಂದರು. ಮುಂದಾಳು ಔಷಧಿ ಅಂಗಡಿಯ ಯಜಮಾನರು. ಅವರ ಜೊತೆ ಹೊಸದಾಗಿ ಬಂದ ಎಳೇ ಪ್ರಾಯದ ಪಾದ್ರಿ. ಮಗ ಮೂಲೆಯ ಸ್ಟೂಲಿನ ಮೇಲೆ ಬೆಕ್ಕಿನ ಹಾಗೆ ಕೂತಿದ್ದ.

"ನಿಮ್ಮ ಮಗ ನಮ್ಮೆದುರು ಕಣ್ಣೀರು ಹಾಕಿದ. ಈ ಭಾನುವಾರ ಕೈ ಕೂಡಿಸಿಬಿಡೋಣ" ಎಂದರು ಔಷಧಿ ಅಂಗಡಿಯವರು.

"ಕಣ್ಣೀರು ಅವನದು. ದವಡೆ ಅವಳದು."

"ಇರಬಹುದಮ್ಮ. ಆದರೆ ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

"ಉಣ್ಣೋಕೆ ಬಾಯಿ ಬೇಕಲ್ಲ ಯಜಮಾನರೇ. ಅವಳು ನಳಿಕೆಯಲ್ಲಿ ಗಂಜಿ ಹೀರ್ತಿದ್ದಾಳೆ."

ಪಾದ್ರಿ ಗಂಟಲು ಸರಿಮಾಡಿಕೊಂಡು ಕೇಳಿದ, "ಬಾಯಿಗೆ ತಂತಿ ಹಾಕಿದಾರೆ ಅಂದ್ರೆ... ಆಕೆ ತಪ್ಪೊಪ್ಪಿಗೆ ಹೇಳೋದು ಹೇಗೆ?"

"ಅದಕ್ಕೇನು? ಅವಳ ಪರವಾಗಿ ನಾನೇ ಹೇಳ್ತೀನಿ." ಔಷಧಿ ಅಂಗಡಿಯವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ನೋಡಿ, ನಗರಸಭೆಯ ಮುಂದೆ ನ್ಯಾಯ ಕೇಳಿ ಗೆದ್ದ ಸಭೆ ನಮ್ಮದು. ನಮ್ಮ ಮನೆ ಮಾತು ಬೀದಿಗೆ ಬಿದ್ರೆ ನಾಳೆ ನಮ್ಮ ಮಾತು ಯಾರು ಕೇಳ್ತಾರೆ? ಬಡವರ ಸೇವೆಗೇ ಪೆಟ್ಟು. ನೀವು ತಿಳಿದವರು."

ಸೌಟಮ್ಮ, "ಭಾನುವಾರ ಬರ್ತೀನಿ" ಎಂದಷ್ಟೇ ಹೇಳಿದಳು.

ಮಾರನೆ ದಿನ ಸೊಸೆಯ ಅಕ್ಕನ ಮನೆಗೆ ಹೋದಳು. ಸೊಸೆ ಅತ್ತೆಯನ್ನು ಕಂಡವಳೇ ಗೋಡೆಯ ಕಡೆ ತಿರುಗಿದಳು. ಸೌಟಮ್ಮ ಹಾಸಿಗೆಯ ಅಂಚಿನಲ್ಲಿ ಕೂತಳು.

"ಕರ್ಕೊಂಡು ಹೋಗೋಕೆ ಬಂದ್ರಾ ಅತ್ತೆ?" ಕಚ್ಚಿದ ಹಲ್ಲಿನ ಸಂದಿಯಿಂದ ಮಾತು ಸೋರಿದಂತೆ ಬಂತು.

"ಏನು ಬೇಕು ನಿಂಗೆ ಅಂತ ಕೇಳೋಕೆ ಬಂದೆ. ಇಷ್ಟು ದಿನ ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ."

ಸೊಸೆ ಗೋಡೆಯಿಂದ ಇತ್ತ ತಿರುಗಿದಳು. ಆಮೇಲೆ, "ಆ ಮನೆಗೆ ಹೋಗಲ್ಲ. ಪೊಲೀಸ್ ಠಾಣೆಗೆ ಹೋಗ್ಬೇಕು. ಒಬ್ಬಳೇ ಹೋಗೋಕೆ ಭಯ" ಎಂದಳು. "ಆದ್ರೆ ಚರ್ಚ್ ಬಿಡಲ್ಲ ಅತ್ತೆ. ಅದು ಅವರಪ್ಪನ ಆಸ್ತಿ ಅಲ್ಲ."

ಸೌಟಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂತು. "ಹಾಗಾದ್ರೆ ಭಾನುವಾರ ಬಾ. ನಿನ್ನ ಕೈ ಹಿಡಿಯೋ ಕೆಲಸ ನಂದು ತಾನೇ? ಹಿಡೀತೀನಿ. ಬಿಡಲ್ಲ."

ಭಾನುವಾರ ಚರ್ಚು ತುಂಬಿತ್ತು. ಅತ್ತೆ ಸೊಸೆ ಕೈ ಕೈ ಹಿಡಿದು ಮುಂದೆ ನಡೆದರು. ಮಗ ಬಿಳಿ ಅಂಗಿ ತೊಟ್ಟು ತಲೆ ಬಾಗಿಸಿ ನಿಂತಿದ್ದ. ಔಷಧಿ ಅಂಗಡಿಯವರು ಗಂಭೀರವಾಗಿ, "ಈ ಸಹೋದರಿಯ ಪರವಾಗಿ ಹೇಳುತ್ತೇನೆ. ಮನೆ ಬಿಟ್ಟದ್ದು ನನ್ನ ತಪ್ಪು" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು.

"ಇನ್ನು ಕೈ ಕೊಡಿಯಮ್ಮ."

ಸೌಟಮ್ಮ ಕೈ ಕೊಡಲಿಲ್ಲ.

"ಅಮ್ಮ, ಕೈ..."

"ಕೊಡಲ್ಲ."

ಔಷಧಿ ಅಂಗಡಿಯವರು ಹಾರ್ಮೋನಿಯಂ ನುಡಿಸುವ ಟೀಚರಮ್ಮನ ಕಡೆ ತಿರುಗಿ, "ಹಾಡು ಶುರು ಮಾಡಿ" ಎಂದರು. ಟೀಚರಮ್ಮ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಲ್ಲೇ ಕೂತಳು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ" ಎಂದಳು ಸೌಟಮ್ಮ. "ಹೌದು, ನಂಗೆ ಮುದ್ದೇ. ಎದೆಹಾಲು ಕೊಟ್ಟಿದ್ದೀನಿ. ಆದ್ರೆ ಹೆಗ್ಗಣಾನ ಹೆಗ್ಗಣ ಅಲ್ಲ ಅಂತ ಹೇಗೆ ಹೇಳ್ಲಿ? ಗುಡಿಸಲು ಕೆಡವೋಕೆ ಬಂದಾಗ ನಾವೆಲ್ಲ ಅಡ್ಡ ಕೂತ್ವಿ. ಗುಡಿಸಲಿನವರು ನಗರಸಭೆ ಹತ್ರ ಕ್ಷಮೆ ಕೇಳಲಿ ಅಂತ ಯಾರಾದ್ರೂ ಅಂದ್ರಾ? ಇವಳ ಮುಖ ಕೆಡವಿದ್ರೆ ಮಾತ್ರ ಇವಳೇ ಕ್ಷಮೆ ಕೇಳ್ಬೇಕು. ಬಾಯಿ ಬರದಿದ್ರೆ ನೀವು ಬಾಡಿಗೆಗೆ ಬಾಯಿ ಕೊಡ್ತೀರಿ!"

"ಅಮ್ಮಾ, ಎಲ್ಲರ ಮುಂದೆ ನನ್ನ ಮಾನ ಕಳೀತಿದ್ದೀಯ" ಎಂದ ಮಗ ಪಿಸುದನಿಯಲ್ಲಿ.

"ಅದನ್ನ ಬಚ್ಚಲಲ್ಲೇ ಕಳ್ಕೊಂಡೆ ಮಗನೇ. ನಾನು ಎತ್ತಿ ತೋರಿಸ್ತಿದ್ದೀನಿ, ಅಷ್ಟೆ. ಮನೆ ನಂದು. ನಿನ್ನ ಬಟ್ಟೆ ಗಂಟು ಕಟ್ಟಿಟ್ಟಿದ್ದೀನಿ. ಎಲ್ಲಾದ್ರೂ ಹೋಗಿ ಮನುಷ್ಯ ಆಗು. ಆದ ದಿನ ಬಾ, ತಾಯಿ ಇರ್ತಾಳೆ." ಕಣ್ಣೊರೆಸಿಕೊಳ್ಳಲು ಅವಳಿಗೆ ಒಂದೇ ಕೈ ಬಿಡುವಾಗಿತ್ತು. "ನಾಳೆ ಬೆಳಿಗ್ಗೆ ನಾವಿಬ್ಬರೂ ಠಾಣೆಗೆ ಹೋಗ್ತೀವಿ. ಬರೋರು ಬನ್ನಿ."

ಔಷಧಿ ಅಂಗಡಿಯವರು ಕೆಂಡವಾದರು. "ಹೀಗಾದರೆ ಅಡುಗೆ ಸೇವೆಯಿಂದ ನಿಮ್ಮನ್ನ ತೆಗೀಬೇಕಾಗುತ್ತೆ!"

"ತೆಗೀರಿ. ಶನಿವಾರ ಜನ ಬರ್ತಾರೆ. ಅವರಿಗೆ ಬರೀ ಉಪದೇಶ ಬಡಿಸಿ, ಹೊಟ್ಟೆ ತುಂಬುತ್ತೇನೋ ನೋಡೋಣ."

ಪಾದ್ರಿ ಹಿರಿಯರನ್ನೂ ನೋಡಿದ, ಸೊಸೆಯ ಊದಿದ ಮುಖವನ್ನೂ ನೋಡಿದ. ಪೀಠದಿಂದ ಕೆಳಗಿಳಿದು ಬಂದು, "ಈ ಕೈ ಕೂಡಿಸೋದನ್ನ ನಾನು ಇನ್ನು ನಡೆಸಲ್ಲ. ಇವತ್ತೂ ಇಲ್ಲ, ಮುಂದೂ ಇಲ್ಲ" ಎಂದ. ಅವನ ದನಿ ಗಟ್ಟಿಯಾಗೇನೂ ಇರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. ಕೆಲವರು ಎದ್ದು ಸಿಟ್ಟಿನಿಂದ ಹೊರಟುಹೋದರು. ಬಹಳ ಜನ ತಮ್ಮ ಚಪ್ಪಲಿ ನೋಡುತ್ತ ಕೂತರು. ಟೀಚರಮ್ಮ ಎದ್ದು ಬಂದು ಸೊಸೆಯ ಇನ್ನೊಂದು ಕೈ ಹಿಡಿದಳು.

ಸೋಮವಾರ ಠಾಣೆಯ ಬಾಗಿಲಲ್ಲಿ ಆ ಮೂವರ ಜೊತೆ ಪಾದ್ರಿಯೂ ಇದ್ದ. ಹಾಡುಗಾರರ ತಂಡದ ಇಬ್ಬರು ಹೆಂಗಸರೂ ಹಿಂದೆ ಮುಂದೆ ನೋಡುತ್ತ ಬಂದು ಸೇರಿಕೊಂಡರು. ಮೇಜಿನ ಹಿಂದಿದ್ದ ಪೊಲೀಸಿನವನು ಪೆನ್ನು ತೆರೆದು ಸೌಟಮ್ಮನನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಯಾರ ಕಡೆಯವರು? ಹುಡುಗನ ಕಡೆಯವರಾ, ಹುಡುಗಿ ಕಡೆಯವರಾ?"

ಸೌಟಮ್ಮ ಕುರ್ಚಿ ಎಳೆದು ಮೊದಲು ಸೊಸೆಯನ್ನು ಕೂರಿಸಿದಳು.

"ಹುಡುಗನ ತಾಯಿ ನಾನು" ಎಂದಳು. "ಹುಡುಗಿ ಕಡೆಯವಳು. ಹಾಗೇ ಬರ್ಕೊಳ್ಳಿ."