ತೊಳೆದು ಹಾಕಿದ ಫಿಲ್ಟರ್

ಅಣ್ಣನ ಗ್ಯಾರೇಜಿನ ಮುಂಭಾಗದಲ್ಲೇ ತಂಗಿಯ ಬಿಡಿಭಾಗಗಳ ಅಂಗಡಿ. ನಡುವೆ ಗೋಡೆಯೂ ಇಲ್ಲ, ಒಂದು ಮರದ ಕೌಂಟರ್ ಅಷ್ಟೆ. ಹದಿನೆಂಟು ವರ್ಷದಿಂದ ಆಕೆ ಅದರ ಹಿಂದೆ ಕೂತು ಪ್ಲಗ್ಗು, ಕೇಬಲ್ಲು, ಬ್ರೇಕ್ ಶೂ ಮಾರುತ್ತಿದ್ದಳು. ಅಣ್ಣ ಒಳಗೆ ಮೋಟರ್‌ಸೈಕಲ್ ಬಿಚ್ಚಿಕೊಂಡು ಕೂತಿರುತ್ತಿದ್ದ. ಇಬ್ಬರ ಜಗಳಕ್ಕೂ ಅಷ್ಟೇ ವಯಸ್ಸು, ಅದು ಆಯಿಲ್ ಫಿಲ್ಟರಿನ ಜಗಳ. ಆಕೆಯ ಕಪಾಟಿನ ತುಂಬ ಪೇಪರ್ ಫಿಲ್ಟರ್. ಆಯಿಲ್ ಬದಲಿಸುವಾಗ ಹಳೆಯದನ್ನು ಎಸೆದು ಹೊಸದು ಹಾಕುವಂಥವು. ಅಣ್ಣನಿಗೋ ಸ್ಟೀಲ್ ಜಾಲರಿಯದೇ ಆಗಬೇಕು. ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಗಾಳಿ ಹೊಡೆದು ಮತ್ತೆ ಅದನ್ನೇ ಕೂರಿಸುತ್ತಿದ್ದ.

“ನಿನ್ನದು ಬಿಸಾಕೋ ವ್ಯಾಪಾರ. ನನ್ನ ಫಿಲ್ಟರ್ ಗಾಡಿ ಗುಜರಿಗೆ ಹೋದ್ಮೇಲೂ ಗಟ್ಟಿಮುಟ್ಟಾಗಿರುತ್ತೆ,” ಅಂತ ರೇಗಿಸುತ್ತಿದ್ದ.

“ಹಾಗಿದ್ರೆ ಅದಕ್ಕೊಂದು ಮದುವೆ ಮಾಡಿಸು,” ಅನ್ನುತ್ತಿದ್ದಳು ಈಕೆ.

ಜಾಲರಿಯದು ಒಂದೇ ಶರತ್ತು: ತೊಳೆದ ಮೇಲೆ ಬೆಳಕಿಗೆ ಹಿಡಿದು ನೋಡಬೇಕು. ಕೂದಲೆಳೆಯಷ್ಟು ಹರಿದಿದ್ದರೂ ಲೋಹದ ಚೂರು ನುಸುಳಿ ಎಂಜಿನ್ನಿನಲ್ಲಿ ಆಯಿಲ್ ಹರಿಯುವ ದಾರಿಗೆ ಅಡ್ಡ ಕೂರುತ್ತದೆ. ಅಣ್ಣ ತಪ್ಪದೆ ನೋಡುತ್ತಿದ್ದ. ಆದರೆ ಒಂದು ವರ್ಷದಿಂದ ನೋಡುವ ರೀತಿ ಬದಲಾಗಿತ್ತು. ನೇರ ನೋಡದೆ ಕತ್ತು ವಾಲಿಸಿ ಓರೆಯಾಗಿ ನೋಡುತ್ತಿದ್ದ; ಕಾಲ ಬುಡದಲ್ಲೇ ಬಿದ್ದ ಬೋಲ್ಟನ್ನು ಕೈಯಿಂದ ತಡಕುತ್ತಿದ್ದ. ದೃಷ್ಟಿಯ ನಡುಭಾಗವೇ ಹೋಗುತ್ತಿದೆ, ಕನ್ನಡಕದಿಂದ ಸರಿಹೋಗುವುದಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದನ್ನು ಅತ್ತಿಗೆ ಗುಟ್ಟಾಗಿ ಅವಳ ಕಿವಿಗೆ ಹಾಕಿದ್ದಳು. “ನಿನಗೆ ಗೊತ್ತು ಅಂತ ಅವರಿಗೆ ಗೊತ್ತಾದ್ರೆ ಕುಸಿದುಹೋಗ್ತಾರೆ,” ಅಂತ ಆಣೆಯನ್ನೂ ಮಾಡಿಸಿಕೊಂಡಿದ್ದಳು.

ಅಂದಿನಿಂದ ಅಣ್ಣ ಕೈತೊಳೆಯಲು ಹೋದಾಗಲೆಲ್ಲ ಆಕೆ ಮೆಲ್ಲಗೆ ಒಳಗೆ ಹೋಗಿ, ತೊಳೆದಿಟ್ಟ ಜಾಲರಿಯನ್ನು ತಾನೊಮ್ಮೆ ನೋಡಿ ಬರುತ್ತಿದ್ದಳು. ಎರಡು ಸಲ ಹರಿದದ್ದು ಸಿಕ್ಕಿತ್ತು. ಸದ್ದಿಲ್ಲದೆ ಬೇರೆಯದನ್ನು ಇಟ್ಟಿದ್ದಳು.

ಮಗಳಿಗೆ ಜ್ವರ ಬಂದು ಎರಡು ದಿನ ಆಕೆ ಅಂಗಡಿಗೆ ಬರಲಿಲ್ಲ. ಆಗಲೇ ನರ್ಸಮ್ಮನ ಗಾಡಿ ಸರ್ವಿಸಿಗೆ ಬಂದು ಹೋಗಿತ್ತು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಹುಣ್ಣಿಗೆ ಬ್ಯಾಂಡೇಜ್ ಕಟ್ಟುವುದು ನರ್ಸಮ್ಮನ ಕೆಲಸ.

ಒಂಬತ್ತನೇ ದಿನ ಆ ಗಾಡಿ ಟೆಂಪೋದಲ್ಲಿ ಮಲಗಿಕೊಂಡು ಬಂತು. ಸೇತುವೆಯ ಮೇಲೆ ಎಂಜಿನ್ ಒಳಗೇ ಬಿಗಿದುಕೊಂಡು, ಹಿಂದಿನ ಚಕ್ರ ತಿರುಗದೆ, ನರ್ಸಮ್ಮ ಬಿದ್ದಿದ್ದರು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್.

“ನೀವು ಮಾಡಿದ ಕೆಲಸದಲ್ಲಿ ತಪ್ಪಿರಲ್ಲ ಬಿಡಿ,” ಅಂದರು ನರ್ಸಮ್ಮ ಸ್ಟೂಲಿನ ಮೇಲೆ ಕೂತು. “ಆರು ವಾರ ಈ ಕೈ ಅಲ್ಲಾಡಿಸೋ ಹಾಗಿಲ್ಲ. ಒಬ್ಬ ಅಜ್ಜನಿಗೆ ಬೆನ್ನು ತುಂಬ ಹುಣ್ಣು. ಅವರನ್ನ ಯಾರು ನೋಡ್ತಾರೋ ಅನ್ನೋದೇ ಯೋಚನೆ.”

ಅಣ್ಣ ಎಂಜಿನ್ ಬಿಚ್ಚಿ ಫಿಲ್ಟರ್ ತೆಗೆದ. ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. “ಇದೇನೋ ಚೆನ್ನಾಗೇ ಇದೆ. ಆಯಿಲ್ಲೇ ಕಳಪೆ ಇರ್ಬೇಕು,” ಅಂದ. ಅಷ್ಟು ದೂರದ ಕೌಂಟರಿನಿಂದಲೇ ತಂಗಿಗೆ ಜಾಲರಿಯ ಅಂಚಿನಲ್ಲಿ ಬೆಳಕಿನ ಗೆರೆಯೊಂದು ಕಂಡಿತು. ನರ್ಸಮ್ಮ ಹೋಗುವವರೆಗೂ ಕೌಂಟರ್ ಬಿಟ್ಟು ಏಳಲಿಲ್ಲ.

ಆಮೇಲೆ ಹತ್ತಿರ ಹೋಗಿ ಅವನ ಬೆರಳನ್ನು ಹಿಡಿದು ಆ ಅಂಚಿಗೆ ಇಟ್ಟಳು. “ಇಲ್ಲಿ ನೋಡಣ್ಣ.”

ಅವನು ಬೆರಳಾಡಿಸಿದ. ಉಗುರು ಸಿಕ್ಕಿಕೊಂಡಿತು. ಜಾಲರಿಯನ್ನು ಕೆಳಗಿಟ್ಟು, “ನನಗೆ ಕಾಣಲ್ಲ ಕಣೇ,” ಅಂದ.

“ಗೊತ್ತು.”

ಮಾರನೇ ದಿನ ಇಬ್ಬರೂ ನರ್ಸಮ್ಮನ ಮನೆಗೆ ಹೋದರು. ಅಣ್ಣ ತಲೆ ತಗ್ಗಿಸಿ ಒಂದನ್ನೂ ಮುಚ್ಚಿಡದೆ ಹೇಳಿದ. ನರ್ಸಮ್ಮ ಅವನನ್ನು ಬೈಯಲಿಲ್ಲ. ತಂಗಿಯ ಕಡೆ ತಿರುಗಿ, “ನಿಮಗೆ ಮೊದಲೇ ಗೊತ್ತಿತ್ತಾ?” ಅಂತಷ್ಟೇ ಕೇಳಿದರು. ಆಣೆಯ ಮಾತು ಎತ್ತದೆ ಅವಳು ಹೌದೆಂದು ತಲೆಯಾಡಿಸಿದಳು. ಎಡಗೈಯಲ್ಲೇ ನರ್ಸಮ್ಮ ಬಾಗಿಲು ಹಾಕಿಕೊಂಡರು.

ಅಣ್ಣ ತಂಗಿ ಇನ್ನು ಮುಂದೆ ಬರುವ ಎಂಜಿನ್ ಬಿಚ್ಚುವ ಕೆಲಸವನ್ನೆಲ್ಲ ಬೇರೆ ಗ್ಯಾರೇಜಿಗೆ ವಹಿಸಿ, ಆಯಿಲ್ ಬದಲಿಸುವಂಥ ಸಣ್ಣ ಕೆಲಸವನ್ನಷ್ಟೇ ಉಳಿಸಿಕೊಂಡರು. ಅಣ್ಣ ಮಿಕ್ಕ ಜಾಲರಿಗಳನ್ನೆಲ್ಲ ತಾನೇ ಮಡಚಿ ಕಸದ ಡಬ್ಬಕ್ಕೆ ಹಾಕಿ, “ಇನ್ನು ನಿನ್ನ ಪೇಪರಿನದೇ ಕೊಡು,” ಅಂದ. ಇಷ್ಟು ವರ್ಷದ ಜಗಳ ಗೆದ್ದಿದ್ದಳು. ಕಪಾಟಿನಿಂದ ಒಂದನ್ನು ತೆಗೆದು ಕೊಟ್ಟಳು.

ಪೇಪರ್ ಫಿಲ್ಟರನ್ನು ತೊಳೆಯಬೇಕಾಗಿಲ್ಲ, ಬೆಳಕಿಗೆ ಹಿಡಿಯಬೇಕಾಗಿಲ್ಲ. ಆದರೆ ಅದಕ್ಕೂ ಹಿಂದುಮುಂದು ಇದೆ. ತಿರುಗುಮುರುಗಾಗಿ ಕೂತರೆ ಆಯಿಲ್ ಹರಿಯುವುದೇ ಇಲ್ಲ. ಗುರುತಿನ ಅಕ್ಷರಗಳು ಇರುವೆಯ ಕಾಲಿನಷ್ಟು ಸಣ್ಣ.

“ಯಾವ ಮುಖ ಒಳಗೆ?” ಅಂತ ಕೇಳಿದ ಅಣ್ಣ, ಫಿಲ್ಟರನ್ನು ಅವಳತ್ತ ಚಾಚಿ.

ಆಕೆ ಅದನ್ನು ತೆಗೆದುಕೊಂಡು, ತಿರುಗಿಸಿ, ಅವನ ಅಂಗೈಯಲ್ಲಿಟ್ಟು, ಬೋಲ್ಟ್ ಬಿಗಿಯಾಗುವವರೆಗೂ ಅಲ್ಲೇ ನಿಂತಿದ್ದಳು. ಹೊರಗೆ ಇನ್ನೂ ಮೂರು ಗಾಡಿ ಕಾಯುತ್ತಿದ್ದವು.