ಝುನು ಹಾಕಿದ ಚೀಟಿ

ನಾನು ಒಂದು ಮತಪೆಟ್ಟಿಗೆ. ಹಾಗೆಂದ ಕೂಡಲೇ ನೀವು ದೊಡ್ಡ ಚುನಾವಣೆಗಳ ಪೆಟ್ಟಿಗೆ ಎಂದು ತಿಳಿದುಕೊಳ್ಳಬಹುದು. ಅಂಥ ತಪ್ಪು ತಿಳಿವಳಿಕೆಗೆ ಅವಕಾಶ ಕೊಡಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಹೊರಗೆ ಕಾರ್ಖಾನೆಗಳ ಮಗ್ಗುಲಲ್ಲಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಮಕ್ಕಳ ಸಂಸತ್ತಿನ ಚುನಾವಣೆಗಾಗಿ ಮಾಡಿಸಿದ ತಗಡಿನ ಪೆಟ್ಟಿಗೆ ನಾನು. ವರ್ಷಕ್ಕೆ ಒಂದೇ ದಿನ ನನಗೆ ಕೆಲಸ. ಅದೂ ಮೂರು ತಾಸು.

ನನ್ನನ್ನು ಮಾಡಿದವರು ಹಳೇ ಹುಬ್ಬಳ್ಳಿಯ ತಗಡಿನ ಕೆಲಸದ ದಸ್ತಗೀರ್ ಚಾಚಾ. ಮಾಡಿಸಿದವರು ಆ ಶಾಲೆಯ ಸಮಾಜ ವಿಜ್ಞಾನದ ಮಾಸ್ತರು, ಕಡಪಟ್ಟಿ ಸರ್. ಅವರು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕುಳಿತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

"ಚಾಚಾ, ಚೀಟಿ ಹಾಕೂ ಬಾಯಿ ಹರಿತ ಇರಬಾರದು ನೋಡ್ರಿ. ಹುಡುಗ್ರ ಬೆರಳು ಕೊಯ್ದೀತು."

"ಅಂಚು ಒಳಗ ಮಡಚೀನ್ರಿ ಸರ. ಮಡಿಕಿಗೆ ಬೆಸುಗಿ ಹಾಕ್ಲೇನು? ಸಂಜಿ ಆಕ್ಕೈತಿ."

"ಬ್ಯಾಡ ಬಿಡ್ರಿ. ನಾಳೆ ಮುಂಜಾನೆ ಎಲೆಕ್ಷನ್ ಐತಿ, ಇನ್ನ ಬಣ್ಣ ಹಚ್ಚಬೇಕು."

ಹೀಗೆ ನನ್ನ ಬಾಯಿಯ ಒಳಗೆ, ಎರಡು ತಗಡಿನ ಪದರಗಳ ನಡುವೆ, ಒಂದು ಸಣ್ಣ ಸಂದು ಉಳಿಯಿತು. ಅದರಲ್ಲಿ ಚಾಚಾನ ತಪ್ಪಿಲ್ಲ. ಸರ್ ತಪ್ಪೂ ಇಲ್ಲ ಎಂದೇ ನಾನು ಅಂದುಕೊಳ್ಳುತ್ತೇನೆ.

ಮೊದಲ ಎರಡು ಚುನಾವಣೆಗಳು ಚೆನ್ನಾಗಿಯೇ ನಡೆದವು. ಆರು, ಏಳು, ಎಂಟನೇ ತರಗತಿಯ ಮಕ್ಕಳು ಸಾಲಾಗಿ ಬಂದರು. ಆ ಶಾಲೆಯಲ್ಲಿ ಕನ್ನಡ ಮಾತಾಡುವ ಮನೆಯವರಷ್ಟೇ ಅಲ್ಲ, ಉರ್ದು, ಲಂಬಾಣಿ, ತೆಲುಗು, ಮರಾಠಿ, ಹಿಂದಿ ಮಾತಾಡುವ ಮನೆಗಳಿಂದಲೂ ಮಕ್ಕಳು ಬರುತ್ತಾರೆ. ಕಾರ್ಖಾನೆಗೆ ಎಲ್ಲಿಂದ ಕೆಲಸಗಾರರು ಬರುತ್ತಾರೋ ಅಲ್ಲಿನ ಮಾತು ಒಂದು ವಾರದಲ್ಲಿ ಬಿಸಿಯೂಟದ ಸಾಲಿನಲ್ಲಿ ಕೇಳಿಸುತ್ತದೆ. ಅದಕ್ಕೇ ಸರ್ ಚೀಟಿಯಲ್ಲಿ ಹೆಸರಿನ ಪಕ್ಕ ಚಿತ್ರ ಹಾಕಿಸುತ್ತಿದ್ದರು. ಓದಲು ಬಾರದ ಮಗುವಿಗೂ ಮತವಿರಬೇಕು ಎನ್ನುವುದು ಅವರ ಹಟ.

ಚುನಾವಣೆ ಮುಗಿದ ಮೇಲೆ ನನ್ನನ್ನು ವರಾಂಡದ ಕೊನೆಯಲ್ಲಿ, ಗ್ರಂಥಾಲಯದ ಕಪಾಟಿನ ಪಕ್ಕ, ಒಂದು ಬೆಂಚಿನ ಮೇಲೆ ಇಡುತ್ತಿದ್ದರು. ಅಲ್ಲಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು. ಪ್ರತಿಭಾ ಕಾರಂಜಿಯ ಹಾಡಿನ ತಾಲೀಮು, ಮಗ್ಗಿ, ವಿಜ್ಞಾನ ಪ್ರದರ್ಶನಕ್ಕೆ ರಟ್ಟು ಕತ್ತರಿಸುವ ಸದ್ದು, ಶನಿವಾರದ ಕವಾಯತಿನ ಸೀಟಿ. ಯಾವುದರಲ್ಲೂ ನನಗೆ ಪಾಲಿರಲಿಲ್ಲ. ಒಂದು ದಿನ ಯಾರೋ ನನ್ನ ಮೇಲೆ ಊಟದ ತಟ್ಟೆ ಇಟ್ಟು ಮರೆತು ಹೋದರು. ಅದನ್ನು ಒಯ್ಯುವವರೆಗೆ ನಾನು ಬಹಳ ಸಂತೋಷವಾಗಿದ್ದೆ.

ಮೂರನೆಯ ವರ್ಷದ ಚುನಾವಣೆಯಲ್ಲಿ ಪ್ರಧಾನಿ ಸ್ಥಾನಕ್ಕೆ ಇಬ್ಬರು ನಿಂತರು. ಎಂಟನೇ ತರಗತಿಯ ಸಾನಿಯಾ ನದಾಫ್, ಕೊಡೆ ಚಿತ್ರ. ಅದೇ ತರಗತಿಯ ಬಸಂತ ಲಮಾಣಿ, ಚೆಂಡಿನ ಚಿತ್ರ. ಆ ಸಲ ನಿಜವಾದ ಮತದಾನದ ಹಾಗೇ ಇರಲಿ ಎಂದು ಸರ್ ಪೆನ್ನಿನಿಂದ ಗುರುತು ಹಾಕುವುದನ್ನು ನಿಲ್ಲಿಸಿ, ರಬ್ಬರ್ ಮುದ್ರೆ ಮತ್ತು ಹೊಸ ಇಂಕ್ ಪ್ಯಾಡ್ ತಂದಿದ್ದರು.

ಎಲ್ಲರಿಗಿಂತ ಕೊನೆಗೆ ಬಂದವಳು ಆರನೇ ತರಗತಿಯ ಝುನು ಮಾಝಿ. ಒಡಿಶಾದಿಂದ ಬಂದು ಮೂರು ವಾರವಾಗಿತ್ತು. ಕನ್ನಡ ಬರುತ್ತಿರಲಿಲ್ಲ. ಸರ್ ಕೈಸನ್ನೆಯಲ್ಲಿ ತೋರಿಸಿದರು: ಒತ್ತು, ಮಡಚು, ಯಾರಿಗೂ ಕಾಣಬಾರದು, ಹಾಕು. ಅವಳು ಮುದ್ರೆ ಒತ್ತಿದಳು. ಚೀಟಿಯನ್ನು ಒಮ್ಮೆ ಮಡಚಿದಳು. ಕಾಣಬಾರದು ಎಂದಿದ್ದರಲ್ಲ, ಮತ್ತೆ ಮಡಚಿದಳು. ಹೀಗೆ ಐದು ಸಲ ಮಡಚಿ, ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ಮಾಡಿ, ನನ್ನ ಬಾಯಿಯ ಅಂಚಿಗೆ ಒತ್ತಿ ತೂರಿಸಿದಳು. ಅದು ಕೆಳಗೆ ಬೀಳಲಿಲ್ಲ. ಆ ಸಂದಿನಲ್ಲಿ ಸೇರಿ ಬಿಗಿಯಾಗಿ ಕುಳಿತಿತು.

ಮಧ್ಯಾಹ್ನ ಎಣಿಕೆಯಾಯಿತು. ಸಹಿ ಹಾಕಿದ ಮಕ್ಕಳು ನೂರಾ ಹದಿಮೂರು. ಸಿಕ್ಕ ಚೀಟಿ ನೂರಾ ಹನ್ನೆರಡು. ಕೊಡೆಗೆ ಐವತ್ತಾರು, ಚೆಂಡಿಗೆ ಐವತ್ತಾರು.

ಸರ್ ನನ್ನ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದರು. ತಲೆಕೆಳಗು ಮಾಡಿ ಕೊಡವಿದರು. ನಾನು ಉದುರಿಸಲು ಪ್ರಯತ್ನಿಸಿದೆ ಎಂದರೆ ನೀವು ನಗಬಹುದು. ತಗಡಿಗೆ ಪ್ರಯತ್ನ ಎಂದರೇನು ಎಂದು ನನಗೂ ಸರಿಯಾಗಿ ಗೊತ್ತಿಲ್ಲ.

"ಕಡೀಕ್ ಬಂದಾಕಿ ಆಕೀನ ರೀ ಸರ," ಎಂದಳು ಸಾನಿಯಾಳ ಗೆಳತಿಯೊಬ್ಬಳು. "ಚೀಟಿ ಹಾಕೇ ಇಲ್ಲ, ತೊಗೊಂಡು ಹೋಗ್ಯಾಳ."

ಝುನುವನ್ನು ಕರೆಸಿದರು. ಅವಳಿಗೆ ಅರ್ಥವಾದದ್ದು 'ಚೀಟಿ' ಎಂಬ ಒಂದೇ ಪದ. ಅವಳು ನನ್ನತ್ತ ಬೆರಳು ತೋರಿಸಿದಳು. ಸರ್ ಖಾಲಿ ಪೆಟ್ಟಿಗೆಯನ್ನು ಓರೆಮಾಡಿ ಅವಳಿಗೆ ತೋರಿಸಿದರು. ಆಗ ಅವಳು ತಾನಾಗಿಯೇ ಚೀಲವನ್ನು ನೆಲದ ಮೇಲೆ ಸುರುವಿದಳು. ಎರಡು ನೋಟುಪುಸ್ತಕ, ಹಲ್ಲು ಮುರಿದ ಬಾಚಣಿಕೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸ್ವಲ್ಪ ಅವಲಕ್ಕಿ. ಒಬ್ಬ ಹುಡುಗ ನಕ್ಕ. ಸರ್ ಅವನನ್ನು ಗದರಿದರು. ಆದರೆ ಅವಳು ತೆಗೆದುಕೊಂಡಿಲ್ಲ ಎಂದು ಅವರು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಹೇಳುವವರಲ್ಲ ಅವರು.

ಕೊನೆಗೆ ಇಬ್ಬರ ಹೆಸರನ್ನೂ ಬರೆದು, ಒಂದನೇ ತರಗತಿಯ ಮಗುವಿನ ಕೈಯಿಂದ ಒಂದು ಚೀಟಿ ಎತ್ತಿಸಿದರು. ಬಸಂತ ಗೆದ್ದ.

ಮರುದಿನದಿಂದ ಝುನುವಿಗೆ ಹೊಸ ಹೆಸರು ಬಂತು. "ಏ ಚೀಟಿಕಳ್ಳಿ, ನಮ್ಮ ಸಾನಿಯಾನ ಸೋಲಿಸಿದೆಲ್ಲ!" ಊಟದ ಸಾಲಿನಲ್ಲಿ ಅವಳ ಹಿಂದೆ ನಿಂತವರು ತಮ್ಮ ಕಂಪಾಸು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ನಗುತ್ತಿದ್ದರು. ಅವಳು ತಟ್ಟೆ ಹಿಡಿದು ವರಾಂಡದ ಕೊನೆಗೆ ಬಂದಳು. ನನ್ನ ಪಕ್ಕ, ಬೆಂಚಿನ ಮೇಲೆ ಕುಳಿತಳು.

ದಿನವೂ ಬಂದಳು. ಒಂದು ಕಣ್ಣನ್ನು ನನ್ನ ಬಾಯಿಗೆ ಇಟ್ಟು ಒಳಗೆ ನೋಡುತ್ತಿದ್ದಳು. ನನ್ನನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ತನ್ನ ಮಾತಿನಲ್ಲಿ ಮೆಲ್ಲಗೆ ಏನೋ ಕೇಳುತ್ತಿದ್ದಳು. ಕೇಳಿದ್ದು ಏನು ಎಂದು ಊಹಿಸುವುದು ಕಷ್ಟವಾಗಿರಲಿಲ್ಲ. ಉತ್ತರ ನನ್ನ ಬಾಯಿಯಲ್ಲೇ ಇತ್ತು.

ಅಡುಗೆಯ ಗಂಗವ್ವ ಇದನ್ನು ಗಮನಿಸಿದಳು. ಒಂದು ದಿನ ಅನ್ನದ ಸೌಟು ಹಿಡಿದೇ ಬಂದು ಹತ್ತಿರ ಕುಳಿತಳು.

"ಏನ್ ನೋಡ್ತಿ ತಂಗಿ ಅದರಾಗ? ಹಾಕೀಯೇನು ನೀ?"

ಝುನು ಮಡಚುವ ಹಾಗೆ, ತೂರಿಸುವ ಹಾಗೆ ಮಾಡಿ ತೋರಿಸಿದಳು.

"ಹಂಗಾರ ಬಾಯಿಬಿಟ್ಟು ಹೇಳವಾ. ಅನ್ನು, ನಾ ಒಳಗ ಹಾಕೀನ್ರಿ ಸರ."

"ನಾ... ಒಳಗ..."

"ಹಾಕೀನ್ರಿ."

"ಆಕೀನ್ರಿ."

"ಹಾಂ, ಅಷ್ಟಾದ್ರ ಸಾಕು. ನಮ್ಮ ಸರ್‍ಗೆ ತಿಳೀತೈತಿ."

ನಾಲ್ಕು ದಿನ ಅವಳು ಆ ಮಾತನ್ನು ನನಗೇ ಹೇಳಿ ಹೇಳಿ ಕಲಿತಳು. ಐದನೆಯ ದಿನ ಸರ್ ಎದುರು ನಿಂತು ಒಂದೇ ಉಸಿರಿನಲ್ಲಿ ಹೇಳಿದಳು. ಆ ಶಾಲೆಯಲ್ಲಿ ಅವಳು ಆಡಿದ ಮೊದಲ ಕನ್ನಡದ ಮಾತು ಅದು.

ಸರ್ ನನ್ನ ಒಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ಏನೂ ಕಾಣಲಿಲ್ಲ. ಅವರ ಬೆರಳು ನನ್ನ ಬಾಯಿಯ ಮಡಿಕೆಯ ಮೇಲೆ ಬಂದು ನಿಂತಿತು. ಅವರಿಗೆ ಅನುಮಾನ ಬಂತು, ನನಗೆ ಗೊತ್ತಾಯಿತು. "ನೋಡೋಣವಾ," ಎಂದು ಕೈ ತೆಗೆದರು. ಮಡಿಕೆ ಬಿಚ್ಚಿದರೆ ಪೆಟ್ಟಿಗೆ ಹಾಳಾಗುತ್ತದೆ. ಚೀಟಿ ಸಿಕ್ಕರೆ ಫಲಿತಾಂಶ ಬದಲಾಗಬಹುದು. ಬಸಂತ ಆಗಲೇ ಪ್ರಾರ್ಥನೆ ನಡೆಸುತ್ತಿದ್ದ, ಗಿಡಗಳಿಗೆ ನೀರಿನ ಪಾಳಿ ಹಾಕಿದ್ದ. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೂ ಆಮೇಲಿನ ಎರಡು ದಿನ ಝುನು ಶಾಲೆಗೆ ಬರಲಿಲ್ಲ.

ಮೂರನೆಯ ದಿನ ಗಂಗವ್ವ ಅವಳನ್ನು ಕೈಹಿಡಿದು ಕರೆತಂದಳು. ಪ್ರಾರ್ಥನೆಗೆ ಎಲ್ಲರೂ ಸೇರಿದ್ದರು.

"ಸರ, ಈ ಕೂಸು ಇನ್ನ ಸಾಲಿಗೆ ಬರೂದಿಲ್ಲ ಅಂತ ಮನಿ ಮೂಲ್ಯಾಗ ಕುಂತಿತ್ತು. ನೀವು ಓದಿದವ್ರು, ನಾ ಏನ್ ಹೇಳ್ಲಿ?"

ಸರ್‍ಗಿಂತ ಮೊದಲು ಮಾತಾಡಿದವನು ಬಸಂತ.

"ಸರ, ಪೆಟಿಗಿ ಒಡದ ನೋಡೋಣ್ರಿ. ಸಾನಿಯಾಗ ಹಾಕಿದ ಚೀಟಿ ಇದ್ರ ನಾ ಇಳೀತೀನಿ. ದಿನಾ ಇವರ ಕಡೆ 'ಚೀಟಿಕಳ್ಳಿ ಗೆಲ್ಲಿಸಿದ ಪ್ರಧಾನಿ' ಅನ್ನಿಸ್ಕೊಳ್ಳೂದಕ್ಕಿಂತ ಅದ ಚಲೋ."

"ದೊಡ್ಡ ಮನಶಾ ಆದ ನೋಡ್ರಿ ಇಂವಾ," ಎಂದಳು ಸಾನಿಯಾ. ಆದರೆ ಈ ಸಲ ಯಾರೂ ನಗಲಿಲ್ಲ.

ಸರ್ ಆಗಲಿ ಎಂದು ತಲೆಯಾಡಿಸಿದರು. ಗಂಗವ್ವ ಅಡುಗೆಕೋಣೆಯಿಂದ ಹಳೇ ಚೂರಿ ತಂದಳು. ಕಲ್ಲಿನಿಂದ ಬಡಿದು ಚೂರಿಯನ್ನು ನನ್ನ ಬಾಯಿಯ ಮಡಿಕೆಯೊಳಗೆ ಇಳಿಸಿ ಮೀಟಿದಳು. ತಗಡು ಕಿರುಗುಟ್ಟಿ ಹರಿಯಿತು. ಚೀಟಿ ಸರ್ ಅಂಗೈಗೆ ಬಿತ್ತು.

ಅವರು ಒಂದೊಂದೇ ಮಡಿಕೆ ಬಿಚ್ಚಿದರು. ಐದು ಮಡಿಕೆ. ಮಡಚುವಾಗ ಹಸಿಯಾಗಿದ್ದ ಇಂಕು ಪ್ರತಿ ಮಡಿಕೆಯಲ್ಲೂ ಹತ್ತಿಕೊಂಡಿತ್ತು. ಕೊಡೆಯ ಮೇಲೂ ಮುದ್ರೆ, ಚೆಂಡಿನ ಮೇಲೂ ಮುದ್ರೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

"ಈ ಮತ ಕುಲಗೆಟ್ಟೈತಿ, ಲೆಕ್ಕಕ್ಕ ಬರೂದಿಲ್ಲ," ಎಂದರು ಸರ್. "ಬಸಂತ ಪ್ರಧಾನಿ ಆಗೇ ಇರ್ತಾನ. ಇನ್ನೊಂದು ಮಾತು, ಎಲ್ಲಾರೂ ಕೇಳ್ರಿ. ಝುನು ಚೀಟಿ ಒಳಗ ಹಾಕಿದ್ಲು. ಹೆಂಗ ಮಡಚಬೇಕು ಅಂತ ಸರಿಯಾಗಿ ತೋರಿಸಲಿಲ್ಲ ನಾ. ಆಕಿ ಹೇಳಿದಾಗ ಅವತ್ತ ಒಡದು ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನಂದು."

ಝುನುವಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಸಾನಿಯಾ ಬಂದು ಅವಳ ಜಡೆಯನ್ನು ಮೆಲ್ಲಗೆ ಎಳೆದು, "ನಡಿ, ನಮ್ಮ ಸಾಲಿನಾಗ ನಿಂದ್ರು," ಎಂದಳು. ಅದು ಅರ್ಥವಾಯಿತು. ಅವಳು ಹೋದಳು.

ಬಾಯಿ ಹರಿದ ಪೆಟ್ಟಿಗೆ ಚುನಾವಣೆಗೆ ಬರುವುದಿಲ್ಲ. ಮುಂದಿನ ವರ್ಷ ಸರ್ ಮಿಠಾಯಿಯ ರಟ್ಟಿನ ಡಬ್ಬಿಯೊಂದಕ್ಕೆ ಬಿಳಿ ಕಾಗದ ಅಂಟಿಸಿದರು. ಗಂಗವ್ವ ನನ್ನ ಹರಿದ ಅಂಚನ್ನು ಬಡಿದು ಒಳಗೆ ಹೊರಳಿಸಿ, ಅಡುಗೆಕೋಣೆಗೆ ಒಯ್ದು ಉಪ್ಪಿನ ಪೊಟ್ಟಣಗಳನ್ನು ತುಂಬಿದಳು. ಉಪ್ಪು ತಗಡಿಗೆ ಒಳ್ಳೆಯದಲ್ಲ. ಕೆಳಗಿನ ಮೂಲೆಯಿಂದ ತುಕ್ಕು ಹತ್ತಿದೆ. ನೀಲಿ ಬಣ್ಣದ ಮೇಲಿನ 'ಮಕ್ಕಳ ಸಂಸತ್ತು' ಎಂಬ ಅಕ್ಷರಗಳಲ್ಲಿ ಈಗ 'ಮಕ್ಕ' ಮಾತ್ರ ಉಳಿದಿದೆ. ಗುಜರಿಯವನು ಬಂದಾಗ ಹೋಗಬೇಕಾಗುತ್ತದೆ.

ಒಂದು ವಿಷಯವನ್ನು ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡಿದ್ದೇನೆ. ಹೇಳದಿದ್ದರೆ ಮೋಸವಾಗುತ್ತದೆ. ಝುನು ದಿನವೂ ಬಂದು ನನ್ನ ಪಕ್ಕ ಕುಳಿತು ಉಣ್ಣುತ್ತಿದ್ದಳಲ್ಲ, ಆ ದಿನಗಳು ನನ್ನ ಬಾಳಿನಲ್ಲೇ ಸುಖದ ದಿನಗಳು. ಅವಳು ಅಳುತ್ತಿದ್ದಳು, ನಾನು ಮಧ್ಯಾಹ್ನದ ಗಂಟೆಗೆ ಕಾಯುತ್ತಿದ್ದೆ. ಸರ್ 'ನೋಡೋಣವಾ' ಎಂದು ಕೈ ತೆಗೆದಾಗ ನನಗೆ ದುಃಖವಾಯಿತೋ ಸಮಾಧಾನವಾಯಿತೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿಲ್ಲ. ಸಿಕ್ಕಿದರೂ ಅದು ನನಗೆ ಹೆಮ್ಮೆ ತರುವಂಥದ್ದಾಗಿರಲಾರದು.

ಈಗ ಅವಳು ಎಂಟನೇ ತರಗತಿಯಲ್ಲಿದ್ದಾಳೆ. ಊಟದ ಹೊತ್ತಿನಲ್ಲಿ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಸಣ್ಣ ಮಕ್ಕಳ ಸಾಲು ನೋಡಿಕೊಳ್ಳುತ್ತಾಳೆ. "ಏ, ನೂಕಬ್ಯಾಡಲೇ! ತಟ್ಟಿ ನೆಟ್ಟಗ ಹಿಡಿ!" ಎನ್ನುತ್ತಾಳೆ. ನಿನ್ನೆ ಗಂಗವ್ವ ಕೇಳಿದಳೆಂದು ಒಳಗೆ ಬಂದು, ನನ್ನೊಳಗೆ ಕೈಹಾಕಿ ಒಂದು ಉಪ್ಪಿನ ಪೊಟ್ಟಣ ತೆಗೆದುಕೊಂಡಳು. ನನ್ನತ್ತ ನೋಡಲಿಲ್ಲ. ಹೊರಗೆ ಯಾರೋ ಅವಳ ಹೆಸರು ಹಿಡಿದು ಕೂಗುತ್ತಿದ್ದರು, ಅವಳು ಓಡಿದಳು.